ಬೈದ ಮೇಲೆ ಬಂದ ಅಂಕಗಳು

ಪ್ರೌಢಶಾಲೆಯಲ್ಲಿ ಗಣಿತ ಕಲಿಸಲು ಆರಂಭಿಸಿದ ಮೊದಲ ವರ್ಷದಿಂದಲೇ ನಾನು ಒಂದು ಉದ್ದನೆಯ ಲೆಕ್ಕದ ಪುಸ್ತಕವನ್ನು ಇಟ್ಟುಕೊಂಡಿದ್ದೆ. ಶಾಲೆಯ ಅಂಕವಹಿ ಬೇರೆ, ಇದು ಬೇರೆ. ಎಡಗಡೆ ಮಕ್ಕಳ ಹೆಸರು, ಅದರ ಪಕ್ಕದಲ್ಲಿ 25 ಅಂಕಗಳ ಮೊದಲ ಕಿರುಪರೀಕ್ಷೆಯಲ್ಲಿ ಬಂದದ್ದು, ಆಮೇಲೆ ಎರಡನೆಯ ಕಿರುಪರೀಕ್ಷೆಯಲ್ಲಿ ಬಂದದ್ದು, ಇವೆರಡರ ನಡುವಿನ ಕಿರಿದಾದ ಅಂಕಣದಲ್ಲಿ ಕೆಂಪು ಶಾಯಿಯ ಒಂದು ಗುರುತು. ‘ಬೈ’ ಎಂದಿದ್ದರೆ ಆ ಮಗುವನ್ನು ತರಗತಿಯಲ್ಲಿ ಎಲ್ಲರೆದುರು ಎದ್ದು ನಿಲ್ಲಿಸಿ ಬೈದಿದ್ದೇನೆ ಎಂದರ್ಥ. ‘ಹೊ’ ಎಂದಿದ್ದರೆ ಹೊಗಳಿದ್ದೇನೆ ಎಂದರ್ಥ. ಬಹುಪಾಲು ಹೆಸರುಗಳ ಮುಂದೆ ಯಾವ ಗುರುತೂ ಇರುತ್ತಿರಲಿಲ್ಲ, ಏಕೆಂದರೆ ನಡುಮಟ್ಟದ ಅಂಕ ಪಡೆದ ಮಕ್ಕಳನ್ನು ನಾವು ಮೇಷ್ಟ್ರುಗಳು ಬೈಯುವುದೂ ಇಲ್ಲ, ಹೊಗಳುವುದೂ ಇಲ್ಲ.

ಈ ಪುಸ್ತಕ ಇಡಬೇಕೆಂದು ನನಗೆ ಯಾರೂ ಹೇಳಿರಲಿಲ್ಲ. ಹೊಸಬನಾಗಿ ಕೆಲಸಕ್ಕೆ ಸೇರಿದಾಗ ಸ್ಟಾಫ್ ರೂಮಿನಲ್ಲಿ ಹಿರಿಯರ ಬಾಯಿಂದ ಪದೇ ಪದೇ ಕೇಳುತ್ತಿದ್ದ ಮಾತೊಂದಿತ್ತು: ಬೈದರೆ ಮಕ್ಕಳು ದಾರಿಗೆ ಬರುತ್ತಾರೆ, ಹೊಗಳಿದರೆ ಅಟ್ಟಕ್ಕೇರುತ್ತಾರೆ. ವಿಜ್ಞಾನ ಓದಿದವನಾದ್ದರಿಂದ ಇದನ್ನು ಬಾಯಿಮಾತಿಗೆ ಒಪ್ಪಿಕೊಳ್ಳಬಾರದು, ದಾಖಲೆ ಇಟ್ಟು ನೋಡಬೇಕು ಎಂದುಕೊಂಡೆ. ಎರಡು ವರ್ಷ ಕಳೆಯುವುದರೊಳಗೆ ದಾಖಲೆ ಹಿರಿಯರ ಪರವಾಗಿಯೇ ಮಾತಾಡಿತು. ‘ಬೈ’ ಗುರುತಿದ್ದ ಮಕ್ಕಳಲ್ಲಿ ಹೆಚ್ಚಿನವರ ಅಂಕ ಮುಂದಿನ ಪರೀಕ್ಷೆಯಲ್ಲಿ ಏರಿತ್ತು. ‘ಹೊ’ ಗುರುತಿದ್ದವರಲ್ಲಿ ಹೆಚ್ಚಿನವರ ಅಂಕ ಇಳಿದಿತ್ತು. ಮೂರನೆಯ ವರ್ಷವೂ ಹಾಗೆಯೇ, ನಾಲ್ಕನೆಯ ವರ್ಷವೂ ಹಾಗೆಯೇ. ಆಗ ನಾನು ಮಾಡಿದ್ದನ್ನು ಇಲ್ಲಿ ಹೇಳಲೇಬೇಕು: ಹೊಗಳುವುದನ್ನು ನಿಲ್ಲಿಸಿಬಿಟ್ಟೆ. ಇಪ್ಪತ್ತನಾಲ್ಕು ಅಂಕ ತೆಗೆದ ಮಗು ಉತ್ತರಪತ್ರಿಕೆ ಹಿಡಿದು ನನ್ನ ಮುಖ ನೋಡುತ್ತಿದ್ದರೂ ಒಂದು ಒಳ್ಳೆಯ ಮಾತು ಆಡದೆ ಮುಂದಿನ ಹೆಸರು ಕೂಗುತ್ತಿದ್ದೆ. ಅದು ಮಗುವಿನ ಹಿತಕ್ಕಾಗಿ ಎಂದು ಮನಸಾರೆ ನಂಬಿದ್ದೆ. ಸಾಕ್ಷಿಯಾಗಿ ನನ್ನ ಕೈಬರಹದ ಪುಸ್ತಕವೇ ಇತ್ತು.

ಹನ್ನೊಂದು ವರ್ಷ ಹೀಗೆ ನಡೆದ ಮೇಲೆ, ಬೇಸಿಗೆ ರಜೆಯಲ್ಲಿ ಸಂಖ್ಯಾಶಾಸ್ತ್ರದ ಬಗ್ಗೆ ಓದುತ್ತಿದ್ದಾಗ, ಮನೋವಿಜ್ಞಾನಿ ಡೇನಿಯಲ್ ಕಾಹ್ನೆಮನ್ ಅವರ ಅನುಭವವೊಂದು ಎದುರಾಯಿತು. 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಇವರು 1960ರ ದಶಕದಲ್ಲಿ ಇಸ್ರೇಲಿನ ವಾಯುಪಡೆಯ ತರಬೇತುದಾರರಿಗೆ ಪಾಠ ಹೇಳುತ್ತಿದ್ದರು. ಶಿಕ್ಷೆಗಿಂತ ಪ್ರಶಂಸೆಯಿಂದ ಕಲಿಕೆ ಚೆನ್ನಾಗಿ ಆಗುತ್ತದೆ ಎಂದು ಅವರು ವಿವರಿಸುತ್ತಿದ್ದಾಗ, ಅನುಭವಸ್ಥ ತರಬೇತುದಾರನೊಬ್ಬ ಎದ್ದು ನಿಂತು ಅದನ್ನು ಅಲ್ಲಗಳೆದ. ಕಠಿಣವಾದ ಹಾರಾಟವನ್ನು ಸೊಗಸಾಗಿ ಮಾಡಿದ ಹುಡುಗರನ್ನು ನಾನು ಎಷ್ಟೋ ಸಲ ಹೊಗಳಿದ್ದೇನೆ, ಮುಂದಿನ ಸಲ ಅವರು ಕೆಟ್ಟದಾಗಿಯೇ ಹಾರಿಸಿದ್ದಾರೆ. ಕೆಟ್ಟದಾಗಿ ಹಾರಿಸಿದವರಿಗೆ ಕಿವಿಗೆ ಬೀಳುವಂತೆ ಬೈದಿದ್ದೇನೆ, ಮುಂದಿನ ಸಲ ಅವರು ಸುಧಾರಿಸಿದ್ದಾರೆ ಎಂಬುದು ಅವನ ಮಾತಿನ ಸಾರ. ಅದನ್ನು ಓದುತ್ತಿದ್ದಂತೆ ನನ್ನ ಎದೆ ಹೊಡೆದುಕೊಂಡಿತು. ಆ ತರಬೇತುದಾರ ಹೇಳಿದ್ದು ನನ್ನ ಪುಸ್ತಕದಲ್ಲಿದ್ದದ್ದೇ.

ಕಾಹ್ನೆಮನ್ ಅವನೊಡನೆ ವಾದಕ್ಕಿಳಿಯಲಿಲ್ಲ. ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಗುರಿ ಬರೆದು, ಅದಕ್ಕೆ ಬೆನ್ನು ಮಾಡಿ ನಿಂತು ಎರಡು ನಾಣ್ಯಗಳನ್ನು ಒಂದಾದ ಮೇಲೊಂದರಂತೆ ಹಿಂದಕ್ಕೆ ಎಸೆಯಲು ಅಲ್ಲಿದ್ದ ಅಧಿಕಾರಿಗಳಿಗೆ ಹೇಳಿದರು. ನಾಣ್ಯ ಎಲ್ಲಿ ಬಿತ್ತೆಂದು ಎಸೆದವನಿಗೆ ಕಾಣದು, ಯಾರೂ ಅವನನ್ನು ಹೊಗಳುವುದಿಲ್ಲ, ಬೈಯುವುದೂ ಇಲ್ಲ. ದೂರಗಳನ್ನು ಅಳೆದು ಹಲಗೆಯ ಮೇಲೆ ಬರೆದಾಗ, ಮೊದಲ ನಾಣ್ಯವನ್ನು ಗುರಿಗೆ ಬಹಳ ಹತ್ತಿರ ಬೀಳಿಸಿದವರಲ್ಲಿ ಹೆಚ್ಚಿನವರ ಎರಡನೆಯ ನಾಣ್ಯ ದೂರ ಹೋಗಿತ್ತು. ಮೊದಲನೆಯದನ್ನು ಬಹಳ ದೂರ ಎಸೆದವರಲ್ಲಿ ಹೆಚ್ಚಿನವರ ಎರಡನೆಯದು ಹತ್ತಿರ ಬಂದಿತ್ತು. ತರಬೇತುದಾರ ಕಂಡದ್ದು ಸುಳ್ಳಲ್ಲ. ಅವನು ಕಂಡದ್ದಕ್ಕೆ ಕೊಟ್ಟ ಕಾರಣ ಮಾತ್ರ ತಪ್ಪು.

ಶಾಲೆ ಪುನಃ ಆರಂಭವಾದಾಗ ನಾನು ಇದನ್ನು ಹಾವು-ಏಣಿ ಆಟದ ದಾಳಗಳಿಂದ ಒಂಬತ್ತನೆಯ ತರಗತಿಯಲ್ಲಿ ಮಾಡಿ ನೋಡಿದೆ. ಪ್ರತಿ ಮಗುವೂ ಎರಡು ದಾಳಗಳನ್ನು ಉರುಳಿಸಿ ಮೊತ್ತವನ್ನು ಹೇಳಬೇಕು, ಅದೇ ಅವರ ಅಂಕ. ಎರಡು ದಾಳಗಳು ಬೀಳುವ 36 ರೀತಿಗಳಲ್ಲಿ ಮೊತ್ತ ಎರಡು, ಮೂರು ಅಥವಾ ನಾಲ್ಕು ಆಗುವುದು ಆರು ರೀತಿಗಳಲ್ಲಿ. ಹತ್ತು, ಹನ್ನೊಂದು ಅಥವಾ ಹನ್ನೆರಡು ಆಗುವುದೂ ಆರು ರೀತಿಗಳಲ್ಲಿ. ಆದ್ದರಿಂದ ತರಗತಿಯ ಸುಮಾರು ಆರನೆಯ ಒಂದು ಭಾಗ ‘ದಡ್ಡರ’ ಸಾಲಿಗೂ ಇನ್ನೊಂದು ಆರನೆಯ ಭಾಗ ‘ಜಾಣರ’ ಸಾಲಿಗೂ ಬಂತು. ಕಡಿಮೆ ಬಂದವರನ್ನು ನಾಟಕದಂತೆ ಗದರಿಸಿದೆ, ಹೆಚ್ಚು ಬಂದವರನ್ನು ಬೆನ್ನು ತಟ್ಟಿ ಹೊಗಳಿದೆ, ಮತ್ತೆ ದಾಳ ಉರುಳಿಸಲು ಹೇಳಿದೆ. ನಾಲ್ಕೋ ಅದಕ್ಕಿಂತ ಕಡಿಮೆಯೋ ಬಂದವರಿಗೆ ಎರಡನೆಯ ಸಲ ನಾಲ್ಕಕ್ಕಿಂತ ಹೆಚ್ಚು ಬೀಳುವ ಸಾಧ್ಯತೆ ಆರರಲ್ಲಿ ಐದು. ಹತ್ತೋ ಅದಕ್ಕಿಂತ ಹೆಚ್ಚೋ ಬಂದವರಿಗೆ ಹತ್ತಕ್ಕಿಂತ ಕಡಿಮೆ ಬೀಳುವ ಸಾಧ್ಯತೆಯೂ ಆರರಲ್ಲಿ ಐದು. ಗದರಿಸಿಕೊಂಡ ಎಂಟು ಮಕ್ಕಳಲ್ಲಿ ಏಳು ಮಂದಿ ‘ಸುಧಾರಿಸಿದರು’. ಇಡೀ ತರಗತಿ ನಗುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಸರ್, ದಾಳಕ್ಕೆ ಕಿವಿ ಇಲ್ಲವಲ್ಲ?” ಎಂದಳು. ಅವಳಿಗೆ ಅರ್ಥವಾದದ್ದು ನನಗೆ ಅರ್ಥವಾಗಲು ಹನ್ನೊಂದು ವರ್ಷ ಬೇಕಾಗಿತ್ತು.

ಮಕ್ಕಳ ಅಂಕ ಪೂರ್ತಿಯಾಗಿ ದಾಳದಂತಲ್ಲ ಎಂಬುದು ನಿಜ. ಚೆನ್ನಾಗಿ ಕಲಿತ ಮಗು ಎರಡೂ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಚೆನ್ನಾಗಿಯೇ ಬರೆಯುತ್ತದೆ. ಆದರೆ ಒಂದು ದಿನದ ಅಂಕದಲ್ಲಿ ಕಲಿಕೆಯ ಜೊತೆಗೆ ಆ ದಿನಕ್ಕೆ ಮಾತ್ರ ಸೇರಿದ ಪಾಲೂ ಇರುತ್ತದೆ. ಓದಿಕೊಂಡ ಪ್ರಮೇಯವೇ ಬಂದಿತೋ ಇಲ್ಲವೋ, ಹಿಂದಿನ ರಾತ್ರಿ ನಿದ್ದೆ ಆಗಿತ್ತೋ ಇಲ್ಲವೋ, ಜ್ವರವೋ, ಮನೆಯಲ್ಲಿ ಜಗಳವೋ, ಕೂಡುವಾಗ ಒಂದು ದಶಕ ಬಿಟ್ಟುಹೋಯಿತೋ, ಇವೆಲ್ಲ ಸೇರಿ ಅಂಕವನ್ನು ಮೇಲಕ್ಕೋ ಕೆಳಕ್ಕೋ ತಳ್ಳುತ್ತವೆ. ತರಗತಿಯ ಅತಿ ಕಡಿಮೆ ಅಂಕದವರನ್ನು ನಾನು ಆರಿಸಿ ನಿಲ್ಲಿಸಿದಾಗ, ಕಲಿಕೆ ಕಡಿಮೆ ಇದ್ದವರು ಮಾತ್ರವಲ್ಲದೆ ಆ ದಿನ ಅದೃಷ್ಟ ಕೈಕೊಟ್ಟವರೂ ಆ ಗುಂಪಿನಲ್ಲಿ ಒಟ್ಟಾಗಿ ಸೇರಿರುತ್ತಾರೆ. ಮುಂದಿನ ಪರೀಕ್ಷೆಗೆ ಕಲಿಕೆ ಅವರೊಡನೆ ಬರುತ್ತದೆ, ಆ ದಿನದ ದುರದೃಷ್ಟ ಬರುವುದಿಲ್ಲ. ತರಗತಿಯ ಸರಾಸರಿ 14 ಎಂದೂ, ಎರಡು ಪರೀಕ್ಷೆಗಳ ಅಂಕಗಳ ಹರಡಿಕೆ ಒಂದೇ ಆಗಿದ್ದು ಅವುಗಳ ನಡುವಿನ ಸಹಸಂಬಂಧ, ಅಂದರೆ ಒಂದರ ಅಂಕ ಇನ್ನೊಂದರ ಅಂಕದೊಡನೆ ಎಷ್ಟರ ಮಟ್ಟಿಗೆ ಹೊಂದಿಕೊಂಡು ಏರಿಳಿಯುತ್ತದೆ ಎಂಬುದರ ಅಳತೆ, 0.6 ಎಂದೂ ಇಟ್ಟುಕೊಂಡರೆ, ಮೊದಲ ಸಲ 4 ಅಂಕ, ಅಂದರೆ ಸರಾಸರಿಗಿಂತ ಹತ್ತು ಕಡಿಮೆ ಪಡೆದ ಮಕ್ಕಳು ಎರಡನೆಯ ಸಲ ಸರಾಸರಿಗಿಂತ ಆರು ಮಾತ್ರ ಕಡಿಮೆ, ಅಂದರೆ ಸುಮಾರು 8 ಅಂಕ ಪಡೆಯುತ್ತಾರೆಂದು ನಿರೀಕ್ಷಿಸಬೇಕು. ಇದೇ ಲೆಕ್ಕದಲ್ಲಿ 24 ಪಡೆದವರು 20ರ ಹತ್ತಿರಕ್ಕೆ ಇಳಿಯಬೇಕು. ಯಾರೂ ಯಾರಿಗೂ ಒಂದು ಮಾತನ್ನೂ ಆಡದಿದ್ದರೂ ಹೀಗೆಯೇ ಆಗುತ್ತದೆ. ನಾಲ್ಕು ಎಂಟಾದಾಗ, ಅಂದರೆ ದುಪ್ಪಟ್ಟಾದಾಗ, ಅದು ತನ್ನ ಬೈಗುಳದ ಫಲ ಎಂದು ಯಾವ ಮೇಷ್ಟ್ರಿಗೆ ತಾನೇ ಅನಿಸದು?

ಇದಕ್ಕೆ ಸಂಖ್ಯಾಶಾಸ್ತ್ರದಲ್ಲಿ ಸರಾಸರಿಯತ್ತ ಮರಳುವಿಕೆ ಎನ್ನುತ್ತಾರೆ. ಇದನ್ನು ಮೊದಲು ಗುರುತಿಸಿದವನು ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್, ಚಾರ್ಲ್ಸ್ ಡಾರ್ವಿನ್ನನ ಸೋದರಸಂಬಂಧಿ. 1870ರ ದಶಕದಲ್ಲಿ ಬಟಾಣಿ ಜಾತಿಯ ಹೂಗಿಡದ ಬೀಜಗಳ ಗಾತ್ರ ಅಳೆಯುವಾಗ ಅವನಿಗೆ ಇದರ ಸುಳಿವು ಸಿಕ್ಕಿತು. 1886ರಲ್ಲಿ ಅವನು 205 ಜೋಡಿ ತಂದೆತಾಯಿಗಳ ಮತ್ತು ಅವರ 928 ಮಂದಿ ಬೆಳೆದ ಮಕ್ಕಳ ಎತ್ತರವನ್ನು ಹೋಲಿಸಿ, ಬಹಳ ಎತ್ತರದ ದಂಪತಿಗಳ ಮಕ್ಕಳು ಸರಾಸರಿಯಲ್ಲಿ ತಂದೆತಾಯಿಗಳಷ್ಟು ಎತ್ತರ ಇರುವುದಿಲ್ಲ, ಬಹಳ ಗಿಡ್ಡ ದಂಪತಿಗಳ ಮಕ್ಕಳು ಅವರಷ್ಟು ಗಿಡ್ಡ ಇರುವುದಿಲ್ಲ ಎಂದು ತೋರಿಸಿದ. ಗಾಲ್ಟನ್ ಇದಕ್ಕೆ ಅನುವಂಶೀಯ ಕಾರಣವೊಂದನ್ನು ಹುಡುಕಿದ. ದೂರದ ಪೂರ್ವಜರ ಪಾಲು ಮಕ್ಕಳನ್ನು ನಡುಮಟ್ಟದತ್ತ ಎಳೆಯುತ್ತದೆ ಎಂದು ವಿವರಿಸಿದ. ಮರಳುವಿಕೆಯನ್ನು ಕಂಡುಹಿಡಿದವನೇ ಅದರ ಹಿಂದೆ ಎಳೆಯುವ ಕೈಯೊಂದು ಇರಬೇಕೆಂದು ಭಾವಿಸಿದನೆಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಆದರೆ ಅವನ ಅಂಕಿಗಳೊಳಗೇ ಇದಕ್ಕೆ ಉತ್ತರವೂ ಇತ್ತು. ಕೋಷ್ಟಕವನ್ನು ತಿರುಗಿಸಿ, ಬಹಳ ಎತ್ತರದ ಮಕ್ಕಳಿಂದ ಆರಂಭಿಸಿ ಅವರ ತಂದೆತಾಯಿಗಳನ್ನು ನೋಡಿದರೆ, ಆ ತಂದೆತಾಯಿಗಳೂ ಮಕ್ಕಳಷ್ಟು ಎತ್ತರ ಇರುವುದಿಲ್ಲ. ಮಕ್ಕಳಿಂದ ತಂದೆತಾಯಿಗಳಿಗೆ ಅನುವಂಶೀಯತೆ ಹರಿಯಲಾರದು. ಆದರೂ ಮರಳುವಿಕೆ ಆ ದಿಕ್ಕಿನಲ್ಲಿಯೂ ಕಾಣುತ್ತದೆ.

ಈ ತಿರುಗಿಸುವ ಉಪಾಯವನ್ನು ತಿಳಿದ ಸಂಜೆಯೇ ನನ್ನ ಹಳೆಯ ಪುಸ್ತಕಗಳನ್ನು ಹೊರತೆಗೆದೆ. ಈ ಸಲ ಮೊದಲ ಪರೀಕ್ಷೆಯ ಅಂಕಣವನ್ನು ಮುಚ್ಚಿಟ್ಟು, ಎರಡನೆಯ ಪರೀಕ್ಷೆಯಲ್ಲಿ ಅತಿ ಕಡಿಮೆ ಅಂಕ ಪಡೆದವರ ಹೆಸರುಗಳಿಗೆ ಗುರುತು ಹಾಕಿದೆ. ಆಮೇಲೆ ಮುಚ್ಚಿದ್ದನ್ನು ತೆರೆದೆ. ಅವರಲ್ಲಿ ಹೆಚ್ಚಿನವರು ಮೊದಲ ಪರೀಕ್ಷೆಯಲ್ಲಿ ಅದಕ್ಕಿಂತ ಹೆಚ್ಚು ಪಡೆದಿದ್ದರು. ಎರಡನೆಯ ಪರೀಕ್ಷೆ ಮುಗಿದ ಮೇಲೆ ನಾನು ಬೈದದ್ದು ಹಿಂದಕ್ಕೆ ಹೋಗಿ ಮೊದಲ ಪರೀಕ್ಷೆಯ ಅಂಕವನ್ನು ಹೆಚ್ಚಿಸಿರಲು ಸಾಧ್ಯವಿಲ್ಲ. ಆದರೂ ಪುಟ ಪುಟವೂ ಅದೇ ಏರಿಕೆಯನ್ನು ತೋರಿಸುತ್ತಿತ್ತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಎಂದು ನಮ್ಮ ಹಿರಿಯರು ಆಡುವ ಮಾತು ಒಂದೇ ಒಂದು ಆಕಸ್ಮಿಕವನ್ನು ಕುರಿತದ್ದು. ನನ್ನ ಪುಸ್ತಕದಲ್ಲಿ ಇದ್ದದ್ದು ಅದಕ್ಕಿಂತ ಕಠಿಣವಾದ ತೊಡಕು: ಮುರಿಯಲಿರುವ ಕೊಂಬೆಯನ್ನೇ ಆರಿಸಿಕೊಂಡು ಕಾಗೆ ಪ್ರತಿ ಸಲವೂ ಹೋಗಿ ಕೂರುತ್ತಿತ್ತು.

ವಿದ್ವಾಂಸರೂ ಇದರಿಂದ ತಪ್ಪಿಸಿಕೊಂಡಿಲ್ಲ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದ ಹೊರೇಸ್ ಸೆಕ್ರಿಸ್ಟ್ ವರ್ಷಗಟ್ಟಲೆ ವ್ಯಾಪಾರಸಂಸ್ಥೆಗಳ ಲೆಕ್ಕಪತ್ರಗಳನ್ನು ಕಲೆಹಾಕಿ, ಮುಂಚೂಣಿಯ ಅಂಗಡಿಗಳು ಕ್ರಮೇಣ ನಡುಮಟ್ಟಕ್ಕೆ ಇಳಿಯುತ್ತವೆ, ಹಿಂದುಳಿದವು ನಡುಮಟ್ಟಕ್ಕೆ ಏರುತ್ತವೆ, ಇದು ಪೈಪೋಟಿಯ ನಿಯಮ ಎಂದು 1933ರಲ್ಲಿ ದಪ್ಪನೆಯ ಗ್ರಂಥವನ್ನೇ ಪ್ರಕಟಿಸಿದರು. ಗಣಿತಜ್ಞ ಹೆರಾಲ್ಡ್ ಹೊಟೆಲಿಂಗ್ ಅದೇ ವರ್ಷ ಅದನ್ನು ವಿಮರ್ಶಿಸುತ್ತ, ಗುಂಪುಗಳನ್ನು ಮೊದಲ ವರ್ಷದ ಬದಲು ಕೊನೆಯ ವರ್ಷದ ಲೆಕ್ಕದಿಂದ ವಿಂಗಡಿಸಿದ್ದರೆ ಅಂಗಡಿಗಳು ನಡುಮಟ್ಟದಿಂದ ದೂರ ಚದುರಿದಂತೆ ಕಾಣುತ್ತಿತ್ತು ಎಂದು ತೋರಿಸಿಕೊಟ್ಟರು.

ನನ್ನನ್ನು ಹೆಚ್ಚು ಕಾಡಿದ ಪ್ರಶ್ನೆ ಬೇರೆ. ಅನುಭವ ಹೆಚ್ಚಾದಂತೆ ತಪ್ಪು ತಿಳಿವಳಿಕೆ ಕರಗಬೇಕಲ್ಲವೇ? ಇಪ್ಪತ್ತೈದು ವರ್ಷ ಸೇವೆ ಮಾಡಿದ ಮೇಷ್ಟ್ರಿಗೆ ಮೊದಲ ವರ್ಷದ ಮೇಷ್ಟ್ರಿಗಿಂತ ಮಕ್ಕಳ ವಿಷಯ ಹೆಚ್ಚು ಗೊತ್ತಿರಬೇಕಲ್ಲವೇ? ಈ ಒಂದು ವಿಷಯದಲ್ಲಿ ಹಾಗಾಗುವುದಿಲ್ಲ, ಬದಲಿಗೆ ಅನುಭವವೇ ತಪ್ಪನ್ನು ಕಲಿಸಿಕೊಡುತ್ತದೆ. ನಾವು ಬೈಯುವುದು ಮಗು ತನ್ನ ಎಂದಿನ ಮಟ್ಟಕ್ಕಿಂತ ಕೆಳಗಿಳಿದ ದಿನ, ಅದರಾಚೆ ಏರಿಕೆಯೇ ಹೆಚ್ಚು ಸಂಭವ. ಹೊಗಳುವುದು ಎಂದಿನ ಮಟ್ಟಕ್ಕಿಂತ ಮೇಲೇರಿದ ದಿನ, ಅದರಾಚೆ ಇಳಿಕೆಯೇ ಹೆಚ್ಚು ಸಂಭವ. ಹೀಗಾಗಿ ಬೈದ ಮೇಷ್ಟ್ರಿಗೆ ಲೋಕ ಬಹುಮಾನ ಕೊಡುತ್ತದೆ, ಹೊಗಳಿದ ಮೇಷ್ಟ್ರಿಗೆ ದಂಡ ಹಾಕುತ್ತದೆ. ವರ್ಷ ವರ್ಷವೂ ಈ ಪಾಠ ಗಟ್ಟಿಯಾಗುತ್ತ ಹೋಗುತ್ತದೆ. ತಂದೆತಾಯಿಗಳಿಗೂ ಇದೇ ಪಾಠ, ಕಚೇರಿಯ ಮೇಲಧಿಕಾರಿಗೂ ಇದೇ ಪಾಠ. ಮನೋವಿಜ್ಞಾನಿಗಳು ಕಾಗ್ನಿಟಿವ್ ಬಯಾಸ್ ಎಂದು ಕರೆಯುವ ಗ್ರಹಿಕೆಯ ವಾಲಿಕೆಗಳಲ್ಲಿ ಇದನ್ನು ನಾನು ಎಲ್ಲಕ್ಕಿಂತ ಅಪಾಯಕಾರಿ ಎಂದು ಎಣಿಸುತ್ತೇನೆ, ಏಕೆಂದರೆ ಇದು ಕಠೋರತೆಯನ್ನು ಅನುಭವದ ಹೆಸರಿನಲ್ಲಿ ನಮಗೆ ಕಲಿಸುತ್ತದೆ.

ಪಾಲ್ ಶಾಫ್ನರ್ ಎಂಬ ಮನೋವಿಜ್ಞಾನಿ 1985ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದು ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ. ಕಂಪ್ಯೂಟರ್ ಪರದೆಯ ಮೇಲೆ ಒಬ್ಬ ಕಾಲ್ಪನಿಕ ಹುಡುಗ ದಿನವೂ ಶಾಲೆಗೆ ಬಂದ ವೇಳೆ ಮೂಡುತ್ತಿತ್ತು. ನೋಡುವವರು ಅವನನ್ನು ಹೊಗಳಬಹುದಿತ್ತು, ಗದರಿಸಬಹುದಿತ್ತು, ಸುಮ್ಮನಿರಬಹುದಿತ್ತು, ಅವನು ವೇಳೆಗೆ ಸರಿಯಾಗಿ ಬರುವಂತೆ ಮಾಡುವುದು ಅವರ ಕೆಲಸ. ಅವನು ಬರುವ ವೇಳೆಗಳನ್ನು ಮೊದಲೇ ಯಾದೃಚ್ಛಿಕವಾಗಿ ನಿಗದಿ ಮಾಡಲಾಗಿತ್ತು, ನೋಡುವವರ ಮಾತಿಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಪ್ರಯೋಗ ಮುಗಿದಾಗ ಹೆಚ್ಚಿನವರು ಗದರಿಕೆಯೇ ಹೊಗಳಿಕೆಗಿಂತ ಪರಿಣಾಮಕಾರಿ ಎಂಬ ತೀರ್ಮಾನಕ್ಕೆ ಬಂದಿದ್ದರು. ಕಿವಿಯಿಲ್ಲದ ಹುಡುಗನನ್ನು ಬೈದು ತಿದ್ದಿದೆವೆಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು.

ಇಷ್ಟನ್ನು ಸ್ನೇಹಿತರೊಡನೆ ಹೇಳಿದಾಗ, “ಹಾಗಾದರೆ ಬೈಗುಳದಿಂದ ಏನೂ ಪ್ರಯೋಜನವಿಲ್ಲ ಅನ್ನುತ್ತೀರಾ?” ಎಂದು ಕೇಳುವವರಿದ್ದಾರೆ. ನಾನು ಹೇಳುತ್ತಿರುವುದು ಅದಲ್ಲ, ಹಾಗೆ ಹೇಳಲು ನನ್ನ ಪುಸ್ತಕದಲ್ಲಿ ಆಧಾರವೂ ಇಲ್ಲ. ಬೈದ ಮೇಲೆ ಅಂಕ ಏರಿತು ಎಂಬ ಸಂಗತಿಯೊಂದರಿಂದಲೇ ಬೈಗುಳದಿಂದ ಅಂಕ ಏರಿತೆಂದೂ ಹೇಳಲಾಗದು, ಏರಲಿಲ್ಲವೆಂದೂ ಹೇಳಲಾಗದು. ಕನ್ನಡದಲ್ಲಿ ‘ಬೈದ ಮೇಲೆ’ ಮತ್ತು ‘ಬೈದದ್ದರಿಂದ’ ಎಂಬ ಎರಡು ಬೇರೆ ಮಾತುಗಳಿವೆ. ನಾವು ಮೊದಲನೆಯದನ್ನು ಕಂಡು ಎರಡನೆಯದನ್ನು ನುಡಿಯುತ್ತೇವೆ. ಎರಡನೆಯದನ್ನು ನುಡಿಯುವ ಹಕ್ಕು ಬರಬೇಕಾದರೆ, ಅಷ್ಟೇ ಕಡಿಮೆ ಅಂಕ ಪಡೆದು ಬೈಸಿಕೊಳ್ಳದೆ ಉಳಿದ ಮಕ್ಕಳು ಏನಾದರು ಎಂಬುದು ಗೊತ್ತಿರಬೇಕು. ನನ್ನ ಪುಸ್ತಕದಲ್ಲಿ ಅಂಥ ಮಕ್ಕಳೇ ಇರಲಿಲ್ಲ, ಏಕೆಂದರೆ ಕಡಿಮೆ ಅಂಕ ಪಡೆದ ಪ್ರತಿಯೊಬ್ಬರನ್ನೂ ನಾನು ಬೈದಿದ್ದೆ. ಹನ್ನೊಂದು ವರ್ಷ ಶ್ರದ್ಧೆಯಿಂದ ತುಂಬಿಸಿದ ಕೋಷ್ಟಕದಲ್ಲಿ ನಿಜವಾಗಿ ಬೇಕಾಗಿದ್ದ ಸಾಲೇ ಖಾಲಿಯಾಗಿತ್ತು.

ಆ ಸಾಲನ್ನು ಬಿಡದೆ ಮಾಡಿದ ಪ್ರಯೋಗಗಳೂ ಇವೆ. ಅಮೆರಿಕದ ಎಲಿಜಬೆತ್ ಹರ್ಲಾಕ್ ಎಂಬ ಸಂಶೋಧಕಿ 1925ರಲ್ಲೇ ಪ್ರಕಟಿಸಿದ ಒಂದು ಅಧ್ಯಯನವನ್ನು ನಮ್ಮ ಶಿಕ್ಷಕರ ತರಬೇತಿಗಳಲ್ಲಿ ಮೊದಲ ದಿನವೇ ಹೇಳಿಕೊಡಬೇಕು ಎಂದು ನನಗೆ ಅನಿಸುತ್ತದೆ. ಆಕೆ ನಾಲ್ಕು ಮತ್ತು ಆರನೆಯ ತರಗತಿಯ ನೂರಕ್ಕೂ ಹೆಚ್ಚು ಮಕ್ಕಳಿಗೆ ಕೂಡುವ ಲೆಕ್ಕಗಳ ಪರೀಕ್ಷೆ ಕೊಟ್ಟು, ಸಾಮರ್ಥ್ಯದಲ್ಲಿ ಸಮನಾಗಿರುವಂತೆ ನಾಲ್ಕು ಗುಂಪು ಮಾಡಿದರು. ಮುಂದಿನ ದಿನಗಳಲ್ಲಿ ಒಂದು ಗುಂಪನ್ನು ಎಲ್ಲರೆದುರು ಹೊಗಳಲಾಯಿತು, ಒಂದನ್ನು ಎಲ್ಲರೆದುರು ಬೈಯಲಾಯಿತು, ಮೂರನೆಯದು ಇವೆರಡನ್ನೂ ಕೇಳುತ್ತ ಕುಳಿತಿತ್ತಾದರೂ ಅದರತ್ತ ಯಾರೂ ತಿರುಗಿ ನೋಡಲಿಲ್ಲ, ನಾಲ್ಕನೆಯದನ್ನು ಬೇರೆ ಕೋಣೆಯಲ್ಲಿ ಕೂರಿಸಿ ಏನೂ ಹೇಳದೆ ಬಿಡಲಾಯಿತು. ಆರಂಭದಲ್ಲಿ ಹೊಗಳಿಸಿಕೊಂಡವರೂ ಬೈಸಿಕೊಂಡವರೂ ಹೆಚ್ಚುಕಡಿಮೆ ಸಮನಾಗಿ ಸುಧಾರಿಸಿದರು. ಆಮೇಲೆ ಹೊಗಳಿಸಿಕೊಂಡ ಗುಂಪು ಏರುತ್ತಲೇ ಹೋಯಿತು, ಬೈಸಿಕೊಂಡ ಗುಂಪು ಇಳಿಯಿತು. ಏನೂ ಹೇಳಿಸಿಕೊಳ್ಳದವರು ಹಿಂದೆಯೇ ಉಳಿದರು. ಇಲ್ಲಿ ಗಮನಿಸಬೇಕಾದದ್ದು ಗುಂಪು ಮಾಡಿದ ರೀತಿಯನ್ನು. ಹರ್ಲಾಕ್ ಕಡಿಮೆ ಅಂಕದವರನ್ನು ಆರಿಸಿ ಬೈಯಲಿಲ್ಲ, ಹೆಚ್ಚು ಅಂಕದವರನ್ನು ಆರಿಸಿ ಹೊಗಳಲಿಲ್ಲ. ಎಲ್ಲ ಗುಂಪುಗಳಲ್ಲಿಯೂ ಎಲ್ಲ ಮಟ್ಟದ ಮಕ್ಕಳಿದ್ದುದರಿಂದ ಸರಾಸರಿಯತ್ತ ಮರಳುವಿಕೆ ಯಾವ ಗುಂಪಿಗೂ ಪಕ್ಷಪಾತ ಮಾಡಲಿಲ್ಲ. ಒಂದು ಶಾಲೆಯ ಕೆಲವು ದಿನಗಳ ಫಲಿತಾಂಶವನ್ನು ಎಲ್ಲ ಕಾಲಕ್ಕೂ ಎಲ್ಲ ಮಕ್ಕಳಿಗೂ ಅನ್ವಯಿಸಬಾರದು. ಆದರೂ ಐದಾರು ದಿನಗಳ ಆ ಪ್ರಯೋಗ ಹೇಳುವುದು ನನ್ನ ಹನ್ನೊಂದು ವರ್ಷದ ಪುಸ್ತಕ ಹೇಳುವುದಕ್ಕಿಂತ ಎಷ್ಟೋ ಹೆಚ್ಚು.

ವೈದ್ಯಕೀಯದಲ್ಲಿಯೂ ಇದೇ ಖಾಲಿ ಸಾಲು ಬಹಳ ಕಾಲ ತೊಂದರೆ ಕೊಟ್ಟಿದೆ. ಯಾರೂ ನೋವು ಕಡಿಮೆ ಇರುವ ದಿನ ವೈದ್ಯರ ಬಳಿ ಹೋಗುವುದಿಲ್ಲ. ತಡೆಯಲಾರದಷ್ಟು ಆದಾಗ ಹೋಗುತ್ತಾರೆ, ಏರಿಳಿಯುವ ನೋವು ಅಲ್ಲಿಂದಾಚೆ ಇಳಿಯುವುದೇ ಹೆಚ್ಚು. ನಮ್ಮ ಕಡೆ ಕಾಮಾಲೆಗೆ ನಾಟಿ ಔಷಧಿ ಕೊಡುವವರ ಮೇಲೆ ಜನರಿಗಿರುವ ಅಚಲ ನಂಬಿಕೆಯ ಹಿಂದೆಯೂ ಇದರ ನೆಂಟನಾದ ಒಂದು ಕಾರಣವಿದೆ: ಹೆಪಟೈಟಿಸ್-ಎ ವೈರಸ್ಸಿನಿಂದ ಬಂದ ಕಾಮಾಲೆ ಬಹುತೇಕ ರೋಗಿಗಳಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. 1955ರಲ್ಲಿ ಅಮೆರಿಕದ ಹೆನ್ರಿ ಬೀಚರ್ ಎಂಬ ವೈದ್ಯರು ಹದಿನೈದು ಅಧ್ಯಯನಗಳನ್ನು ಒಟ್ಟುಗೂಡಿಸಿ, ಔಷಧವೇ ಇಲ್ಲದ ಸಕ್ಕರೆ ಗುಳಿಗೆಯಿಂದಲೂ ಸರಾಸರಿ ನೂರಕ್ಕೆ 35 ಮಂದಿಗೆ ಉಪಶಮನ ಸಿಗುತ್ತದೆ ಎಂದು ಬರೆದರು, ಆ ಅಂಕಿ ಜಗತ್ತಿನಾದ್ಯಂತ ಹರಡಿತು. ಆದರೆ ಗುಳಿಗೆಯನ್ನೂ ನುಂಗದೆ ಸುಮ್ಮನಿದ್ದವರಲ್ಲಿ ಎಷ್ಟು ಮಂದಿಗೆ ಉಪಶಮನವಾಗುತ್ತಿತ್ತು ಎಂಬ ಹೋಲಿಕೆ ಅಲ್ಲಿರಲಿಲ್ಲ. 2001ರಲ್ಲಿ ಡೆನ್ಮಾರ್ಕಿನ ಇಬ್ಬರು ಸಂಶೋಧಕರು ಆ ಹೋಲಿಕೆ ಇದ್ದ ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಪರಿಶೀಲಿಸಿದಾಗ, ನೋವಿನಂಥ ರೋಗಿಯೇ ಹೇಳಬೇಕಾದ ಕೆಲವು ಅನುಭವಗಳಲ್ಲಿ ಸ್ವಲ್ಪ ಪರಿಣಾಮ ಕಂಡದ್ದನ್ನು ಬಿಟ್ಟರೆ, ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ನನ್ನ ಶಾಲೆಗೆ ಮರಳುತ್ತೇನೆ. ದಾಳ ಉರುಳಿಸಿದ ಆ ವರ್ಷ ಕಡಿಮೆ ಅಂಕ ಬಂದ ಯಾರನ್ನೂ ಬೈಯಬಾರದು ಎಂದು ನಿರ್ಧರಿಸಿದೆ. ನನ್ನ ಆಸೆ ನನ್ನ ಕೆಂಪು ಪೆನ್ನಿನೊಳಗೆ ಇಳಿದೀತೆಂಬ ಭಯವಿದ್ದುದರಿಂದ, ಎರಡನೆಯ ಪರೀಕ್ಷೆಯ ಉತ್ತರಪತ್ರಿಕೆಗಳ ಮೇಲಿನ ಹೆಸರುಗಳಿಗೆ ಕಾಗದ ಅಂಟಿಸಿ ಇನ್ನೊಬ್ಬ ಗಣಿತ ಶಿಕ್ಷಕಿಯಿಂದ ಮೌಲ್ಯಮಾಪನ ಮಾಡಿಸಿದೆ. ಕೆಳಗಿನ ಸಾಲಿನ ಮಕ್ಕಳು ಹಿಂದಿನ ವರ್ಷಗಳ ಮಕ್ಕಳಷ್ಟೇ ಏರಿದ್ದರು. ಇದರಿಂದ ಬೈಗುಳ ನಿಷ್ಪ್ರಯೋಜಕ ಎಂದು ಸಾಬೀತಾಯಿತೆಂದು ಆಗಲೂ ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ಮಕ್ಕಳು ಬೇರೆ, ಪ್ರಶ್ನೆಪತ್ರಿಕೆ ಬೇರೆ, ಆ ವರ್ಷ ಪಾಠ ಮಾಡಿದ ನಾನೂ ಸ್ವಲ್ಪ ಬೇರೆಯವನೇ. ಬೈಯದಿದ್ದರೆ ಮಕ್ಕಳು ಕೆಟ್ಟೇ ಹೋಗುತ್ತಾರೆಂಬ ಭಯ ಮಾತ್ರ ಆ ವರ್ಷ ಬಿಟ್ಟುಹೋಯಿತು. ಮಕ್ಕಳ ಶಿಕ್ಷಣದ ಹಕ್ಕಿನ 2009ರ ಕಾಯಿದೆಯ 17ನೆಯ ಸೆಕ್ಷನ್ ದೈಹಿಕ ದಂಡನೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆ ನಿಷೇಧ ಅಂಕಗಳ ಲೆಕ್ಕಾಚಾರವನ್ನು ಅವಲಂಬಿಸಿದ್ದಲ್ಲ, ಅವಲಂಬಿಸಲೂಬಾರದು. ಒಂದು ವೇಳೆ ಅವಮಾನಿಸುವುದರಿಂದ ಅಂಕ ಏರುತ್ತದೆಂದು ನಾಳೆ ಯಾರಾದರೂ ಸಾಧಿಸಿ ತೋರಿಸಿದರೂ ಮಗುವನ್ನು ಅವಮಾನಿಸುವುದು ಸರಿಯಾಗದು.

ಕಳೆದ ಮಾಘಮಾಸದಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಬಡಿಸುತ್ತಿದ್ದ ಯುವಕನೊಬ್ಬ ನನ್ನನ್ನು ಕಂಡು, ಕೈಯಲ್ಲಿದ್ದ ಸಾರಿನ ಬಕೆಟ್ಟನ್ನು ಕೆಳಗಿಟ್ಟು ಕಾಲಿಗೆರಗಿದ. “ಸರ್, ಒಂಬತ್ತನೇ ಕ್ಲಾಸಿನಲ್ಲಿ ನೀವು ಅವತ್ತು ಹಾಗೆ ಬೈದಿದ್ದಕ್ಕೇ ನಾನು ಇವತ್ತು ಇಂಜಿನಿಯರ್ ಆಗಿದ್ದೇನೆ” ಎಂದ. ಅವನ ಪ್ರೀತಿ ನಿಜವಾದದ್ದು, ಅದನ್ನು ನಾನು ತಳ್ಳಿಹಾಕಲಾರೆ. ಆದರೆ ಮನೆಗೆ ಬಂದು ಆ ವರ್ಷದ ಪುಸ್ತಕ ತೆರೆದು ಅವನ ಹೆಸರು ಹುಡುಕಿದೆ. ಮೊದಲ ಪರೀಕ್ಷೆ ಆರು, ‘ಬೈ’, ಎರಡನೆಯದು ಹದಿಮೂರು. ಅದೇ ಪುಟದಲ್ಲಿ ಇನ್ನೊಂದು ಗುರುತು ಕಣ್ಣಿಗೆ ಬಿತ್ತು, ಅಷ್ಟು ವರ್ಷಗಳಲ್ಲಿ ನಾನು ಲೆಕ್ಕಕ್ಕೇ ತೆಗೆದುಕೊಳ್ಳದ ಗುರುತು. ‘ಗೈ’, ಅಂದರೆ ಗೈರುಹಾಜರಿ. ಬೈಸಿಕೊಂಡವರಲ್ಲಿ ಎಷ್ಟು ಮಂದಿ ಏರಿದರು ಎಂದು ಎಣಿಸುವಾಗಲೆಲ್ಲ ಎರಡನೆಯ ಪರೀಕ್ಷೆ ಬರೆದವರನ್ನು ಮಾತ್ರ ಎಣಿಸಿದ್ದೆ; ಬರೆಯದವರ ಮುಂದೆ ಅಂಕವೇ ಇಲ್ಲದ್ದರಿಂದ ಅವರನ್ನು ಬಿಟ್ಟು ಮುಂದೆ ಹೋಗಿದ್ದೆ. ಆ ರಾತ್ರಿ ಹನ್ನೊಂದೂ ಪುಸ್ತಕಗಳನ್ನು ಹರಡಿಕೊಂಡು ಮತ್ತೆ ಎಣಿಸಿದೆ. ‘ಗೈ’ ಗುರುತು ಬೇರೆ ಮಕ್ಕಳಿಗಿಂತ ‘ಬೈ’ ಗುರುತಿನ ಮಕ್ಕಳ ಮುಂದೆ ಹೆಚ್ಚು ದಟ್ಟವಾಗಿತ್ತು.

ನನ್ನ ಬೈಗುಳವೇ ಅವರನ್ನು ಶಾಲೆಯಿಂದ ಓಡಿಸಿತು ಎಂದು ಬರೆದುಬಿಡಲು ಮನಸ್ಸು ತವಕಿಸುತ್ತದೆ. ಆದರೆ ಈವರೆಗೆ ಹೇಳಿದ ನಿಯಮ ನನಗೂ ಅನ್ವಯಿಸುತ್ತದೆ. ಕಡಿಮೆ ಅಂಕ ಪಡೆಯುವ ಮಕ್ಕಳಲ್ಲಿ ಹಲವರು ಭತ್ತದ ಕೊಯ್ಲಿಗೆ, ಅಡಿಕೆ ಸುಲಿಯುವುದಕ್ಕೆ, ಮನೆಯ ಎಳೆಮಗುವನ್ನು ನೋಡಿಕೊಳ್ಳುವುದಕ್ಕೆ ಶಾಲೆ ತಪ್ಪಿಸುವವರು. ಬೈಯದಿದ್ದರೂ ಅವರು ಆ ದಿನ ಬರುತ್ತಿರಲಿಲ್ಲವೇನೋ. ಹೋಲಿಸಲು ಬೇಕಾದ ಸಾಲು ಇಲ್ಲಿಯೂ ಖಾಲಿಯೇ. ಒಬ್ಬ ಹುಡುಗಿಯ ಹೆಸರಿನ ಮುಂದೆ ಮೂರು, ‘ಬೈ’, ‘ಗೈ’, ಮತ್ತೆ ‘ಗೈ’ ಎಂದಿದ್ದು, ಆಮೇಲಿನ ಅಂಕಣಗಳ ಉದ್ದಕ್ಕೂ ಒಂದು ಅಡ್ಡಗೆರೆ ಇತ್ತು. ವರ್ಗಾವಣೆ ಪತ್ರ ತೆಗೆದುಕೊಂಡು ಹೋದವರ ಹೆಸರಿಗೆ ನಾನು ಹಾಗೆ ಗೆರೆ ಎಳೆಯುತ್ತಿದ್ದೆ. ಮೂರನೆಯ ಸಾಲಿನ ಬೆಂಚಿನಲ್ಲಿ ಗೋಡೆಯ ಪಕ್ಕ ಕೂರುತ್ತಿದ್ದಳೆಂಬುದು ಬಿಟ್ಟರೆ ಅವಳ ಬಗ್ಗೆ ನನಗೆ ಬೇರೇನೂ ನೆನಪಿಲ್ಲ. ಆ ವರ್ಷದ ಕೊನೆಯ ಪುಟದಲ್ಲಿ ‘ಏರಿದವರು’, ‘ಇಳಿದವರು’ ಎಂದು ನಾನು ಅಚ್ಚುಕಟ್ಟಾಗಿ ಮಾಡಿದ್ದ ಎರಡು ಪಟ್ಟಿಗಳನ್ನು ಮೇಲಿನಿಂದ ಕೆಳಗಿನವರೆಗೆ ಓದಿದೆ. ಎರಡರಲ್ಲಿಯೂ ಅವಳ ಹೆಸರು ಇರಲಿಲ್ಲ.